ಪ್ಲಗಿನ್ ಇಂಗ್ಲಿಷಿನಲ್ಲೇ ಉಳಿದಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಕನ್ನಡ, ಇಂಗ್ಲಿಷ್ ಎರಡರಲ್ಲೂ ಇರುವ ವರ್ಡ್‌ಪ್ರೆಸ್ ತಾಣ, ಎರಡೂ ಭಾಷೆಗಳ ಪುಟ ನಿಭಾಯಿಸಲು ಪಾಲಿಲ್ಯಾಂಗ್ ಪ್ಲಗಿನ್ ಹಾಕಿದ್ದೇವೆ. ಬುಕಿಂಗ್ ಪ್ಲಗಿನ್ ಒಂದನ್ನು ಪೊಎಡಿಟ್ ಎಂಬ ಅನುವಾದ ತಂತ್ರಾಂಶದಲ್ಲಿ ಪೂರ್ತಿ ಅನುವಾದಿಸಿ ಅಪ್‌ಲೋಡ್ ಮಾಡಿದ್ದಾಯಿತು. ಕನ್ನಡ ಪುಟದಲ್ಲಿ ಈಗಲೂ ಇಂಗ್ಲಿಷೇ ಬರುತ್ತಿದೆ. ಎಲ್ಲಿ ತಪ್ಪಿದೆ? — ಧಾರವಾಡದ ಓದುಗರು

ಉತ್ತರ: ಮೊದಲು ಫೈಲಿನ ಹೆಸರು ನೋಡಿ. ವರ್ಡ್‌ಪ್ರೆಸ್‌ನಲ್ಲಿ ಕನ್ನಡದ ಲೊಕೇಲ್, ಅಂದರೆ ಭಾಷೆಯ ಸಂಕೇತ, ಬರೀ ‘ಕೆಎನ್’ (kn). ಹಿಂದಿ, ತಮಿಳು, ಮಲಯಾಳಂಗಳ ಕೊನೆಗೆ ಅಂಡರ್‌ಸ್ಕೋರ್ ಮತ್ತು ‘ಐಎನ್’ ಇರುತ್ತದೆ. ಅದನ್ನು ನೋಡಿ ಕನ್ನಡಕ್ಕೂ ಸೇರಿಸಿದಿರೋ, ವರ್ಡ್‌ಪ್ರೆಸ್ ಆ ಫೈಲಿನ ಕಡೆ ತಿರುಗಿಯೂ ನೋಡುವುದಿಲ್ಲ. ಪಾಲಿಲ್ಯಾಂಗ್‌ನ ಭಾಷಾಪಟ್ಟಿಯಲ್ಲಿ ಲೊಕೇಲ್ ಎಂಬ ಕಾಲಂ ಇದೆ. ಅಲ್ಲಿರುವುದೂ ಫೈಲಿನ ಹೆಸರಿನಲ್ಲಿರುವುದೂ ಅಕ್ಷರಶಃ ಒಂದೇ ಆಗಿರಬೇಕು.

ಹೆಸರಿನ ಮೊದಲ ಭಾಗ ಪ್ಲಗಿನ್ನಿನ ಟೆಕ್ಸ್ಟ್ ಡೊಮೇನ್, ಅಂದರೆ ಅದರ ಅನುವಾದಗಳ ಗುರುತಿನ ಹೆಸರು. ಅಂದಾಜಿನಲ್ಲಿ ಹಾಕಬೇಡಿ. ಪ್ಲಗಿನ್ನಿನ ಮುಖ್ಯ ಪಿಎಚ್‌ಪಿ ಫೈಲ್ ತೆರೆದರೆ ಮೇಲಿನ ಕಾಮೆಂಟಿನಲ್ಲೇ ‘ಟೆಕ್ಸ್ಟ್ ಡೊಮೇನ್’ ಎಂಬ ಸಾಲು ಸಿಗುತ್ತದೆ. ಫೋಲ್ಡರಿನ ಹೆಸರೇ ಡೊಮೇನ್ ಎಂಬ ಖಾತ್ರಿಯಿಲ್ಲ, ದುಡ್ಡು ಕೊಟ್ಟು ಕೊಂಡ ಪ್ಲಗಿನ್‌ಗಳಲ್ಲಂತೂ ಇನ್ನೂ ಇಲ್ಲ. ಡೊಮೇನ್, ಒಂದು ಹೈಫನ್, ಕೆಎನ್, ಡಾಟ್ ಎಂಒ: ಇಷ್ಟೇ ಹೆಸರು. ಪಿಒ ಫೈಲ್ ನಿಮ್ಮ ಕೆಲಸಕ್ಕೆ; ತಾಣ ಓದುವುದು ಅದರಿಂದ ತಯಾರಾಗುವ ಎಂಒ ಫೈಲನ್ನು. ಪೊಎಡಿಟ್‌ನಲ್ಲಿ ‘ಫಜಿ’ (ಇನ್ನೂ ಖಚಿತವಾಗದ ಅನುವಾದ) ಗುರುತು ಉಳಿದ ಸಾಲುಗಳು ಎಂಒಗೆ ಸೇರುವುದಿಲ್ಲ, ಅದನ್ನೂ ಗಮನಿಸಿ.

ಇನ್ನು ಜಾಗ. ಪ್ಲಗಿನ್ನಿನ ಒಳಗೇ ಇಟ್ಟರೆ ಮುಂದಿನ ಅಪ್‌ಡೇಟಿನಲ್ಲಿ ಫೋಲ್ಡರ್ ಸಮೇತ ಅಳಿಸಿಹೋಗುತ್ತದೆ. ಡಬ್ಲ್ಯೂಪಿ-ಕಂಟೆಂಟ್ ಅಡಿಯ ಲ್ಯಾಂಗ್ವೇಜಸ್, ಅದರೊಳಗಿನ ಪ್ಲಗಿನ್ಸ್ ಫೋಲ್ಡರಿಗೆ ಆದ್ಯತೆ ಹೆಚ್ಚು. ಆದರೆ ಅದೇ ಪ್ಲಗಿನ್ನಿಗೆ ವರ್ಡ್‌ಪ್ರೆಸ್‌ನ ಅಧಿಕೃತ ಕನ್ನಡ ಪ್ಯಾಕ್ ಇದ್ದರೆ ಅದು ಬಂದು ನಿಮ್ಮ ಫೈಲಿನ ಮೇಲೆ ಕೂರುತ್ತದೆ. ನಿಶ್ಚಿಂತೆ ಬೇಕಿದ್ದರೆ ಲೋಕೋ ಟ್ರಾನ್ಸ್‌ಲೇಟ್ ಎಂಬ ಅನುವಾದ ಪ್ಲಗಿನ್ ಹಾಕಿಕೊಂಡು, ಉಳಿಸುವ ಜಾಗ ಕೇಳಿದಾಗ ‘ಕಸ್ಟಮ್’ ಆರಿಸಿ. ಆ ಫೋಲ್ಡರನ್ನು ಯಾವ ಅಪ್‌ಡೇಟೂ ಮುಟ್ಟುವುದಿಲ್ಲ.

ಇಷ್ಟೆಲ್ಲ ಸರಿಯಿದ್ದೂ ಹಳೆಯ ಮಾತೇ ಕಾಣುತ್ತಿದ್ದರೆ ಗುಮಾನಿ ಬೇರೆ. 2024ರಲ್ಲಿ ಬಂದ ವರ್ಡ್‌ಪ್ರೆಸ್ 6.5ರಿಂದ ಅನುವಾದಗಳು ವೇಗಕ್ಕಾಗಿ ‘ಡಾಟ್ ಎಲ್10ಎನ್ ಡಾಟ್ ಪಿಎಚ್‌ಪಿ’ ಎಂಬ ಬಾಲವಿರುವ ಫೈಲಿನಲ್ಲೂ ಬರುತ್ತವೆ. ಅದು ಪಕ್ಕದಲ್ಲಿದ್ದರೆ ಎಂಒಗೆ ಕಿಮ್ಮತ್ತಿಲ್ಲ. ಎಂಒ ಒಂದನ್ನೇ ಬದಲಿಸಿ ದಿನವಿಡೀ ಪುಟ ರಿಫ್ರೆಶ್ ಮಾಡಿದರೂ ಏನೂ ಆಗದು. ಹಳೆಯ ಪಿಎಚ್‌ಪಿ ಅನುವಾದ ಫೈಲನ್ನು ತೆಗೆಯಿರಿ, ಇಲ್ಲವೇ ಡಬ್ಲ್ಯೂಪಿ-ಸಿಎಲ್‌ಐ ಎಂಬ ಕಮಾಂಡ್-ಲೈನ್ ಸಾಧನದ ‘ಐ18ಎನ್ ಮೇಕ್-ಪಿಎಚ್‌ಪಿ’ ಆದೇಶದಿಂದ ಹೊಸದಾಗಿ ಮಾಡಿ. ಆಮೇಲೆ ಆಪ್‌ಕ್ಯಾಶ್ (ಪಿಎಚ್‌ಪಿ ಕೋಡಿನ ತಾತ್ಕಾಲಿಕ ಸಂಗ್ರಹ), ಪೇಜ್ ಕ್ಯಾಶ್ (ಸಿದ್ಧ ಪುಟಗಳ ಸಂಗ್ರಹ) ಎರಡನ್ನೂ ಖಾಲಿ ಮಾಡಿ.

ಪ್ರಶ್ನೆ: ಲೇಬಲ್‌ಗಳೆಲ್ಲ ಕನ್ನಡವಾದವು. ಸಂಪರ್ಕ ಫಾರ್ಮಿನ ಬಟನ್, ಆನ್‌ಲೈನ್ ಅಂಗಡಿಯ ಪ್ಲಗಿನ್ ವೂಕಾಮರ್ಸ್‌ನ ಚೆಕ್‌ಔಟ್ ಪುಟದ ಕೆಲವು ಸಾಲುಗಳು ಮಾತ್ರ ಜಪ್ಪಯ್ಯ ಅಂದರೂ ಬದಲಾಗುತ್ತಿಲ್ಲ. — ಮಂಗಳೂರಿನ ಓದುಗರು

ಉತ್ತರ: ಇವು ಎರಡು ಬೇರೆ ಕಾಯಿಲೆಗಳು. ಫಾರ್ಮಿನ ಬಟನ್ ಮೇಲಿನ ಮಾತನ್ನು ಫಾರ್ಮ್ ಮಾಡುವಾಗ ನೀವೇ ಟೈಪ್ ಮಾಡಿರುತ್ತೀರಿ, ಅದು ಡೇಟಾಬೇಸಿನಲ್ಲಿ ಕೂತಿದೆ. ಪಿಒ ಫೈಲಿನಲ್ಲಿ ಎಷ್ಟು ಹುಡುಕಿದರೂ ಸಿಗದು. ಕಾಂಟ್ಯಾಕ್ಟ್ ಫಾರ್ಮ್ 7 ಆದರೆ ಕನ್ನಡಕ್ಕೆ ಪ್ರತ್ಯೇಕ ಫಾರ್ಮ್ ಮಾಡಿ ಕನ್ನಡ ಪುಟದಲ್ಲಿ ಅದರ ಶಾರ್ಟ್‌ಕೋಡ್ ಹಾಕುವುದೇ ಸಲೀಸು. ಬೇರೆ ಪ್ಲಗಿನ್‌ಗಳ ಸೆಟ್ಟಿಂಗ್‌ನಲ್ಲಿ ಬರೆದ ಮಾತುಗಳಿಗೆ ಪಾಲಿಲ್ಯಾಂಗ್‌ನ ‘ಟ್ರಾನ್ಸ್‌ಲೇಷನ್ಸ್’ ಪುಟ ನೋಡಿ. ಅಲ್ಲಿ ಪಟ್ಟಿಯಾಗದಿದ್ದರೆ ಪ್ಲಗಿನ್ ಆ ಸಾಲನ್ನು ನೋಂದಾಯಿಸಿಲ್ಲ ಎಂದರ್ಥ. ಡಬ್ಲ್ಯೂಪಿಎಂಎಲ್-ಕಾನ್ಫಿಗ್ ಎಂಬ ಎಕ್ಸ್‌ಎಂಎಲ್ ಫೈಲಿನಲ್ಲಿ ‘ಅಡ್ಮಿನ್-ಟೆಕ್ಸ್ಟ್ಸ್’ ಅಡಿ ಆ ಮಾತು ಉಳಿದಿರುವ ಆಪ್ಷನ್ನಿನ (ಡೇಟಾಬೇಸಿನ ಸೆಟ್ಟಿಂಗ್) ಹೆಸರು ಸೇರಿಸಬೇಕು; ಈ ಫೈಲನ್ನು ಡಬ್ಲ್ಯೂಪಿಎಂಎಲ್ ಎಂಬ ಇನ್ನೊಂದು ಬಹುಭಾಷಾ ಪ್ಲಗಿನ್ನೂ ಓದುತ್ತದೆ, ಪಾಲಿಲ್ಯಾಂಗೂ ಓದುತ್ತದೆ.

ಚೆಕ್‌ಔಟ್ ಪುಟ ಬ್ಲಾಕ್ ರೂಪದ್ದಾಗಿದ್ದರೆ ಅದರ ಹೆಚ್ಚಿನ ಮಾತುಗಳು ಜಾವಾಸ್ಕ್ರಿಪ್ಟ್‌ನಲ್ಲಿವೆ. ಅವು ಎಂಒದಿಂದ ಬರುವುದಿಲ್ಲ, ಜೇಸನ್ ಫೈಲಿನಿಂದ ಬರುತ್ತವೆ. ಆ ಫೈಲಿನ ಹೆಸರಿನ ಕೊನೆಯ 32 ಅಕ್ಷರ ಸಾಮಾನ್ಯವಾಗಿ ಸ್ಕ್ರಿಪ್ಟ್ ಇರುವ ಹಾದಿಯ ಎಂಡಿ5 ಹ್ಯಾಶ್, ಅಂದರೆ ಆ ಹಾದಿಯಿಂದ ಲೆಕ್ಕ ಹಾಕಿ ತೆಗೆದ ಸಂಕೇತ. ಎಡವಟ್ಟಾಗುವುದು ಇಲ್ಲೇ: ಪಿಒ ತಯಾರಾದದ್ದು ಮೂಲ ‘ಎಸ್‌ಆರ್‌ಸಿ’ ಫೋಲ್ಡರಿನಿಂದ, ಬ್ರೌಸರಿಗೆ ಹೋಗುವುದು ‘ಬಿಲ್ಡ್’ ಫೋಲ್ಡರಿನ ಸ್ಕ್ರಿಪ್ಟ್. ಹಾದಿ ಬೇರೆಯಾದರೆ ಹ್ಯಾಶೂ ಬೇರೆ, ಫೈಲ್ ಇದ್ದೂ ಸಿಗುವುದಿಲ್ಲ. ಪಿಒದಲ್ಲಿ ಆ ಸಾಲಿನ ಮೇಲಿರುವ ಉಲ್ಲೇಖ ನೋಡಿದರೆ ಯಾವ ಹಾದಿ ಹಿಡಿದಿದೆ ಎಂದು ಗೊತ್ತಾಗುತ್ತದೆ. ‘ಐ18ಎನ್ ಮೇಕ್-ಜೇಸನ್’ ಆದೇಶ ಬಳಸುವವರು ‘ನೋ-ಪರ್ಜ್’ ಸೇರಿಸಿಕೊಳ್ಳಿ. ಇಲ್ಲದಿದ್ದರೆ ಜೇಸನ್‌ಗೆ ಹೋದ ಸಾಲುಗಳು ಪಿಒದಿಂದ ಮಾಯವಾಗುತ್ತವೆ.

ಪ್ರಶ್ನೆ: ಅನುವಾದಕರು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಕೊಟ್ಟರು. ತಾಣದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಸರಿಪಡಿಸಿ ಹಾಕಿದ ಮೇಲೆ ಒಂದು ಪುಟ ‘ಕ್ರಿಟಿಕಲ್ ಎರರ್’ ಎನ್ನುತ್ತಿದೆ. — ಮೈಸೂರಿನ ಓದುಗರು

ಉತ್ತರ: ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ತೊಡಿಸುವ ಹಳೆಯ ಆಸ್ಕಿ ಫಾಂಟಿನ ಪಠ್ಯ ಅದು, ಯೂನಿಕೋಡ್‌ಗೆ ಪರಿವರ್ತಿಸಲೇಬೇಕು. ಇಡೀ ಪಿಒ ಫೈಲನ್ನು ಪರಿವರ್ತಕಕ್ಕೆ ಸುರಿದರೆ ಮಾತ್ರ ಕೆಲಸ ಕೆಟ್ಟಿತು. ಅದರಲ್ಲಿರುವ ಇಂಗ್ಲಿಷ್ ಮೂಲ ಸಾಲುಗಳನ್ನೂ ಅದು ಕನ್ನಡ ಅಕ್ಷರ ಮಾಡಿಬಿಡುತ್ತದೆ, ಮೂಲ ತಾಳೆಯಾಗದೆ ಅನುವಾದ ಎಲ್ಲೂ ಕಾಣದು. ಕನ್ನಡ ಸಾಲುಗಳನ್ನಷ್ಟೇ ಪರಿವರ್ತಿಸಿ.

ಪುಟ ಬಿದ್ದದ್ದಕ್ಕೆ ಕಾರಣ ಬಹುಮಟ್ಟಿಗೆ ಪ್ಲೇಸ್‌ಹೋಲ್ಡರ್. ಸಾಲಿನ ನಡುವೆ ಶೇಕಡಾ ಚಿಹ್ನೆ ಮತ್ತು ಎಸ್ ಇದ್ದ ಕಡೆ ಪ್ಲಗಿನ್ ಹೆಸರನ್ನೋ ಮೊತ್ತವನ್ನೋ ತುಂಬುತ್ತದೆ. ಅಂಥ ಸಾಲಿನಲ್ಲಿ ‘10% ರಿಯಾಯಿತಿ’ ಎಂದು ಬರೆದರೆ ಆ ಒಂಟಿ ಶೇಕಡಾ ಚಿಹ್ನೆಯನ್ನೂ ಪಿಎಚ್‌ಪಿ ಪ್ಲೇಸ್‌ಹೋಲ್ಡರ್ ಎಂದೇ ಓದುತ್ತದೆ. ಪಿಎಚ್‌ಪಿ 8ರಿಂದ ಇದು ಪುಟವನ್ನೇ ನಿಲ್ಲಿಸುವ ದೋಷ. ‘10%% ರಿಯಾಯಿತಿ’ ಎಂದು ಜೋಡಿಯಾಗಿ ಬರೆಯಿರಿ. ಒಂದೇ ಸಾಲಿನಲ್ಲಿ ಎರಡು ಪ್ಲೇಸ್‌ಹೋಲ್ಡರ್ ಇದ್ದು ಕನ್ನಡದಲ್ಲಿ ಹಿಂದುಮುಂದಾಗುವುದಾದರೆ, ಶೇಕಡಾ ಚಿಹ್ನೆಯ ಬೆನ್ನಿಗೆ 1$, 2$ ಎಂದು ಕ್ರಮಸಂಖ್ಯೆ ಕೊಡಿ. ಕ್ರಿಯಾಪದ ಕೊನೆಗೆ ಬರುವ ನಮ್ಮ ವಾಕ್ಯಕ್ಕೆ ಇದು ಪದೇ ಪದೇ ಬೇಕಾಗುತ್ತದೆ.

ಪ್ರಶ್ನೆ: ಕನ್ನಡದಲ್ಲಿ ಆರ್ಡರ್ ಮಾಡಿದವರಿಗೂ ಇಮೇಲ್ ಇಂಗ್ಲಿಷಿನಲ್ಲೇ ಹೋಗುತ್ತಿದೆ. — ಬೆಂಗಳೂರಿನ ಓದುಗರು

ಉತ್ತರ: ಗ್ರಾಹಕರಿಗೆ ಮೇಲ್ ಕಳಿಸುವಾಗ ವೂಕಾಮರ್ಸ್ ತಾಣದ ಮೂಲ ಭಾಷೆಗೆ ಹೊರಳುತ್ತದೆ, ಆರ್ಡರಿನ ಭಾಷೆಯನ್ನು ಅದು ನೆನಪಿಟ್ಟುಕೊಳ್ಳುವುದಿಲ್ಲ. ಆ ಕೆಲಸ ಮಾಡುವುದು ಪಾಲಿಲ್ಯಾಂಗ್ ಫಾರ್ ವೂಕಾಮರ್ಸ್ ಅಥವಾ ಡಬ್ಲ್ಯೂಪಿಎಂಎಲ್‌ನ ವೂಕಾಮರ್ಸ್ ಜೋಡಣೆ. ಅದನ್ನು ಹಾಕಿದ ಮೇಲೂ ಇಮೇಲ್‌ನ ವಿಷಯದ ಸಾಲು ಮಾತ್ರ ಇಂಗ್ಲಿಷಿನಲ್ಲಿ ಉಳಿದರೆ, ಇಮೇಲ್ ಸೆಟ್ಟಿಂಗ್‌ನಲ್ಲಿ ಯಾರೋ ಅದನ್ನು ಕೈಯಾರೆ ಬರೆದಿದ್ದಾರೆ. ಆ ಚೌಕವನ್ನು ಖಾಲಿ ಬಿಟ್ಟು ಸೇವ್ ಮಾಡಿ. ಮೂಲ ಸಾಲು ಮರಳಿ ಬಂದು ಅನುವಾದ ಫೈಲಿನ ಕನ್ನಡ ಹಿಡಿಯುತ್ತದೆ.