ಗ್ಯಾಡೋಲಿನಿಯಂ ಮೇಲೆ ಗೂಬೆ ಕೂರಿಸಬೇಡಿ

ಪ್ರಶ್ನೆ: ಯಿಟ್ರಿಯಂ ಬೇರಿಯಂ ತಾಮ್ರದ ಆಕ್ಸೈಡಿನಲ್ಲಿ ಯಿಟ್ರಿಯಂ ಬದಲು ಗ್ಯಾಡೋಲಿನಿಯಂ ಹಾಕಿ ಬಿಲ್ಲೆ ಮಾಡಿದೆವು. 90 ಕೆಲ್ವಿನ್ (ಸುಮಾರು ಮೈನಸ್ 183 ಡಿಗ್ರಿ ಸೆಲ್ಸಿಯಸ್) ಬರಬೇಕಾದಲ್ಲಿ 60ಕ್ಕೆ ಇಳಿದ ಮೇಲಷ್ಟೇ ಅತಿವಾಹಕವಾಯಿತು, ಅಂದರೆ ತಡೆಯಿಲ್ಲದೆ ವಿದ್ಯುತ್ ಹರಿಯಿತು. ಗ್ಯಾಡೋಲಿನಿಯಂ ಕಾಂತೀಯ ಅಯಾನು, ಅದೇ ಕೆಡಿಸಿತಲ್ಲವೇ? ಚಿತ್ರ ಲಗತ್ತಿಸಿದ್ದೇನೆ.
– ಎಂ.ಎಸ್ಸಿ. ವಿದ್ಯಾರ್ಥಿನಿ, ಬದಿಯಡ್ಕ

ಉತ್ತರ: ಅಲ್ಲ. ಪ್ರಾಜೆಕ್ಟ್ ವರದಿ ಒಪ್ಪಿಸುವ ಕಾಲ ಬಂತೆಂದರೆ ಇದೇ ಪ್ರಶ್ನೆ, ಇದೇ ತಪ್ಪು ಊಹೆ. ಲ್ಯಾಂಥನಂ ಲೋಹಕ್ಕೆ ಶೇಕಡಾ 1ರಷ್ಟು ಗ್ಯಾಡೋಲಿನಿಯಂ ಬೆರೆತರೂ ಅತಿವಾಹಕತೆ ಹೆಚ್ಚುಕಡಿಮೆ ಅಳಿದೇ ಹೋಗುತ್ತದೆ, ನಿಜ. ಆದರೆ ನಿಮ್ಮದರಂಥ ಕ್ಯುಪ್ರೇಟಿನಲ್ಲಿ (ತಾಮ್ರದ ಆಕ್ಸೈಡು ಸಂಯುಕ್ತದಲ್ಲಿ) ಯಿಟ್ರಿಯಂ ಜಾಗವನ್ನು ಪೂರ್ತಿ ಗ್ಯಾಡೋಲಿನಿಯಂಗೆ ಬಿಟ್ಟುಕೊಟ್ಟರೂ ಅತಿವಾಹಕವಾಗುವ ತಾಪ 90 ಕೆಲ್ವಿನ್ ದಾಟುತ್ತದೆ. ವಿದ್ಯುತ್ ಹರಿಯುವುದು ತಾಮ್ರ–ಆಕ್ಸಿಜನ್ ಪದರಗಳಲ್ಲಿ. ಗ್ಯಾಡೋಲಿನಿಯಂನಂಥ ವಿರಳ ಭೂಧಾತು ಎರಡು ಪದರಗಳ ನಡುವೆ ಕುಳಿತಿರುತ್ತದೆ. ಅದರ ಕಾಂತೀಯತೆಗೆ ಕಾರಣವಾದ 4ಎಫ್ ಎಲೆಕ್ಟ್ರಾನುಗಳು ಒಳಗೇ ಮುದುಡಿಕೊಂಡಿರುವುದರಿಂದ ಪದರದ ಗೊಡವೆಗೆ ಹೋಗುವುದಿಲ್ಲ. ಸುಮಾರು 2.2 ಕೆಲ್ವಿನ್‌ನಲ್ಲಿ ಗ್ಯಾಡೋಲಿನಿಯಂನ ಕಾಂತೀಯತೆ ತನ್ನ ಪಾಡಿಗೆ ಕ್ರಮಗೊಳ್ಳುತ್ತದೆ, ಅತಿವಾಹಕತೆ ಆಗಲೂ ಹಾಗೆಯೇ ಇರುತ್ತದೆ.

ಕೆಡಿಸುವ ಧಾತು ಪ್ರೇಸಿಯೋಡಿಮಿಯಂ. ಅದರ 4ಎಫ್ ಕಕ್ಷೆ ಆಕ್ಸಿಜನ್ನಿನ ಕಕ್ಷೆಯೊಂದಿಗೆ ಬೆರೆತು ಪದರದಲ್ಲಿ ವಿದ್ಯುತ್ ಒಯ್ಯುವ ಧನ ರಂಧ್ರಗಳನ್ನು (ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗಗಳನ್ನು) ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಯಿಟ್ರಿಯಂನ ಅರ್ಧಕ್ಕಿಂತ ತುಸು ಹೆಚ್ಚು ಜಾಗ ಅದರ ಪಾಲಾದರೆ ಅತಿವಾಹಕತೆಯ ಕಥೆ ಮುಗಿಯಿತು. ನಿಯೋಡಿಮಿಯಂನ ತೊಂದರೆ ಬೇರೆ: ಅಯಾನು ದೊಡ್ಡದು, ಬೇರಿಯಂ ಜಾಗಕ್ಕೂ ನುಸುಳುತ್ತದೆ. ಅದನ್ನು ತಡೆಯಲು ಆಕ್ಸಿಜನ್ ಕಡಿಮೆ ಇರುವ ಅನಿಲದಲ್ಲಿ ಬೇಯಿಸಿ, ಆಮೇಲೆ ಆಕ್ಸಿಜನ್ ತುಂಬಿಸಬೇಕು.

ಈಗ ನಿಮ್ಮ 60 ಕೆಲ್ವಿನ್. ಅದು ಆಕ್ಸಿಜನ್ ಕೊರತೆಯ ಗುರುತು. ಸಂಯುಕ್ತದ ಸೂತ್ರದಲ್ಲಿ ಆಕ್ಸಿಜನ್ ಪರಮಾಣುಗಳ ಸಂಖ್ಯೆ 7ರ ಹತ್ತಿರವಿದ್ದರೆ 90 ಕೆಲ್ವಿನ್, 6.6ರ ಆಸುಪಾಸಿನಲ್ಲಿ 60, 6.4ಕ್ಕಿಂತ ಕೆಳಗಿಳಿದರೆ ಹರಳಿನ ಎ, ಬಿ ಅಕ್ಷಗಳ ಉದ್ದ ಸಮವಾಗಿ ಅತಿವಾಹಕತೆಯೇ ಇಲ್ಲವಾಗುತ್ತದೆ. ಕುಲುಮೆಯಿಂದ ಬಿಲ್ಲೆಯನ್ನು ಅವಸರದಲ್ಲಿ ಹೊರತೆಗೆದಿದ್ದೀರಿ ಎಂದು ನನ್ನ ಅನುಮಾನ. ಚಿತ್ರದಲ್ಲಿ ಕಪ್ಪು ಬಿಲ್ಲೆಯ ಅಂಚಿಗೆ ಹಸಿರು ಚುಕ್ಕೆಗಳಿವೆ, ನೋಡಿ: ಅದು ಬೇರೆಯೇ ಸಂಯುಕ್ತ, ಬೆರಕೆ ಪೂರ್ತಿ ಬೆಂದಿಲ್ಲ. ಮತ್ತೆ ಅರೆಯಿರಿ, ಮತ್ತೆ ಬೇಯಿಸಿ, ಹರಿಯುವ ಆಕ್ಸಿಜನ್ನಿನಲ್ಲಿ 400ರಿಂದ 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಬಿಡಿ. ಅಯೋಡಿನ್ ಟೈಟ್ರೇಶನ್ ಮಾಡಿ ಆಕ್ಸಿಜನ್ ಅಳೆಯಿರಿ. ಆ ಅಂಕಿ ಕೈಗೆ ಬರುವ ತನಕ ಗ್ಯಾಡೋಲಿನಿಯಂ ಬಗ್ಗೆ ಒಂದು ಸಾಲನ್ನೂ ಬರೆಯಬೇಡಿ.

ಪ್ರಶ್ನೆ: ಕೀಲುನೋವಿಗೆ ‘ಅತಿವಾಹಕ ಬಳೆ’ ಮಾರುತ್ತಿದ್ದಾರೆ. ಕೊಳ್ಳಬಹುದೇ? – ಕುಂಬಳೆ

ಉತ್ತರ: ಬೇಡ. ಸಾಮಾನ್ಯ ಒತ್ತಡದಲ್ಲಿ ಮೈನಸ್ 130 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದರೆ ಯಾವ ಕ್ಯುಪ್ರೇಟೂ ಅತಿವಾಹಕವಲ್ಲ. ಮಾರುವವರು ವಂಚಕರು, ವೈದ್ಯರ ಬಳಿ ಹೋಗಿ.

ಪ್ರಶ್ನೆ: ಕೊಲ್ಲಂ ಬಳಿಯ ಚವರದ ಕಪ್ಪು ಮರಳಿನಿಂದ ವಿರಳ ಭೂಧಾತು ತೆಗೆದು ಶಾಲೆಯಲ್ಲಿ ಬಿಲ್ಲೆ ಮಾಡಿಸಬಹುದೇ? – ಅಧ್ಯಾಪಕರು, ಮಂಜೇಶ್ವರ

ಉತ್ತರ: ಖಂಡಿತ ಕೂಡದು. ಆ ಮರಳಿನ ಮೊನಜೈಟ್ ಎಂಬ ಖನಿಜದಲ್ಲಿ ವಿಕಿರಣ ಸೂಸುವ ಥೋರಿಯಂ ಇದೆ. ಬಿಲ್ಲೆಗೆ ಬಳಸುವ ಬೇರಿಯಂ ಕಾರ್ಬೊನೇಟ್ ಇಲಿ ಪಾಷಾಣವಾಗಿ ಬಳಕೆಯಲ್ಲಿದ್ದ ವಿಷ. ಸಿದ್ಧ ಬಿಲ್ಲೆ ತರಿಸಿ, ಅದನ್ನು ತಣಿಸುವ ದ್ರವ ಸಾರಜನಕವನ್ನು ಕಿಟಕಿ ಬಾಗಿಲು ತೆರೆದಿಟ್ಟ ಕೋಣೆಯಲ್ಲಿ ನೀವೇ ಸುರಿಯಿರಿ, ಮಕ್ಕಳ ಕೈಗೆ ಕೊಡಬೇಡಿ.