ಗಿಟಾರ್ ಬಿಟ್ಟು ಡ್ರಮ್ಸ್ ಕೇಳಿ

ಅಮೆರಿಕದ ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಬ್ಯಾಂಡಿನ ಡ್ರಮ್ಮರ್ ಮಿಚ್ ಮಿಚೆಲ್‌ನನ್ನು ಜನ ಇಷ್ಟೊಂದು ನೆನೆಯುವುದೇಕೆ, ಅಲ್ಲಿ ಇರೋದೆಲ್ಲ ಗಿಟಾರೇ ಅಲ್ವಾ ಅಂತ ಕೇಳಿದ್ದೀರಿ. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ.

ಚಿಕ್ಕಂದಿನಲ್ಲಿ ಎರಡು ವರ್ಷ ಮೃದಂಗ ಕಲಿತು ಬಿಟ್ಟವನು ನಾನು. ವಿದ್ಯೆ ಹೋಯಿತು, ಬೆರಳಿನ ಚಾಳಿ ಉಳಿಯಿತು. ಒಂದು ರಾತ್ರಿ ಆ ಬ್ಯಾಂಡಿನ 'ಮ್ಯಾನಿಕ್ ಡಿಪ್ರೆಶನ್' ಹಾಡು ಹಾಕಿಕೊಂಡು ಸುಮ್ನೆ ಊಟದ ಮೇಜಿನ ಮೇಲೆ ತಾಳ ಹಾಕಲು ಹೋದೆ. ರಾಕ್ ಅಂದ್ರೆ ನಾಲ್ಕರ ಲೆಕ್ಕ ಅಂತ ಕೈಗೆ ರೂಢಿ. ಇಲ್ಲಿ ಕೂರಲೇ ಇಲ್ಲ. 'ತಕಿಟ ತಕಿಟ ತಕಿಟ' ಅಂದು ನೋಡಿದೆ, ಕೂತಿತು! ಗಿಟಾರ್ ಆ ಮೂರನ್ನು ಒತ್ತಿ ಒತ್ತಿ ಹೇಳುತ್ತದೆ. ಮಿಚ್ ಮಾತ್ರ ಅದರೊಳಗೇ ಸ್ನೇರ್‌ನಿಂದ (ಚರ್ ಅನ್ನುವ ಚೂಪು ಸದ್ದಿನ ಡ್ರಮ್) ಟಾಮ್‌ಗೆ (ಗುಂಯ್ ಅನ್ನುವ ಡ್ರಮ್), ಅಲ್ಲಿಂದ ಮತ್ತೆ ಸ್ನೇರ್‌ಗೆ ಉರುಳುತ್ತಲೇ ಇರುತ್ತಾನೆ. ತಾಳ ಹಿಡಿದು ಹಿಂದೆ ಕೂತವನ ವಾದನ ಅಲ್ಲ ಅದು, ಗಿಟಾರಿಗೆ ಎದುರುತ್ತರ.

ಅವನ ಮನಸ್ಸು ಜಾಝ್‌ನಲ್ಲಿತ್ತು. ಜಾಝ್ ಡ್ರಮ್ಮರ್ ಎಲ್ವಿನ್ ಜೋನ್ಸ್ ಅವನಿಗೆ ಮಾದರಿ. ಲಂಡನ್ನಿನ ಹುಡುಗ, ಬಾಲನಟನಾಗಿದ್ದವನು. 1966ರಲ್ಲಿ ಗಾಯಕ ಜಾರ್ಜಿ ಫೇಮ್‌ನ ತಂಡದಲ್ಲಿದ್ದ ಕೆಲಸ ಹೋದ ಬೆನ್ನಿಗೇ ಹೆಂಡ್ರಿಕ್ಸ್ ಸಿಕ್ಕ. ಇನ್ನೊಬ್ಬ ಡ್ರಮ್ಮರ್ ಐನ್ಸ್ಲಿ ಡನ್ಬರ್ ಕೂಡ ಲೆಕ್ಕದಲ್ಲಿದ್ದ, ಕೊನೆಗೆ ನಾಣ್ಯ ಚಿಮ್ಮಿ ತೀರ್ಮಾನಿಸಿದರು ಅನ್ನುತ್ತಾರೆ. ಬ್ಯಾಂಡಿನಲ್ಲಿ ಬೇಸ್ (ತಗ್ಗು ಸ್ವರದ ಗಿಟಾರ್) ಹಿಡಿದ ನೋಯೆಲ್ ರೆಡಿಂಗ್ ಮೂಲತಃ ಗಿಟಾರಿನವನು, ಬೇಸ್ ಅವನಿಗೆ ಹೊಸತು. ಅವನು ಸರಳವಾಗಿ ನುಡಿಸಿದ, ಮಿಚ್‌ಗೆ ಜಾಗ ಜಾಸ್ತಿ ಸಿಕ್ಕಿತು. ಕೆಲವು ಕಡೆ ಆ ಜಾಗವನ್ನೆಲ್ಲ ತುಂಬಿಯೇ ತೀರುತ್ತೇನೆ ಅಂತ ಹಟ ಹಿಡಿದ ಹಾಗಿರುತ್ತದೆ. ನಿಧಾನದ ಹಾಡುಗಳಲ್ಲಿ ನನಗೆ ಅದು ಸ್ವಲ್ಪ ಅತಿ ಅನ್ನಿಸುತ್ತದೆ.

ಹೆಂಡ್ರಿಕ್ಸ್ 1970ರಲ್ಲಿ ಹೋದ, ರೆಡಿಂಗ್ 2003ರಲ್ಲಿ. ಮೂವರಲ್ಲಿ ಉಳಿದಿದ್ದವನು ಮಿಚ್ ಒಬ್ಬನೇ. 2008ರ ನವೆಂಬರ್ 12ರಂದು ಅಮೆರಿಕದ ಪೋರ್ಟ್‌ಲ್ಯಾಂಡ್‌ನ ಹೋಟೆಲ್ ಕೋಣೆಯಲ್ಲಿ ತೀರಿಕೊಂಡ. ಹೆಂಡ್ರಿಕ್ಸ್ ನೆನಪಿನ ಕಛೇರಿಗಳ ಪ್ರವಾಸ ಮುಗಿಸಿ ಇನ್ನೂ ವಾರವೂ ಆಗಿರಲಿಲ್ಲ. ಕೊನೆತನಕ ಅದೇ ಹಾಡುಗಳನ್ನು ಬಾರಿಸುತ್ತಿದ್ದ.

ಈಗ ನೀವು ಆ 'ಮ್ಯಾನಿಕ್ ಡಿಪ್ರೆಶನ್' ಹಾಡನ್ನೇ ಇನ್ನೊಮ್ಮೆ ಹಾಕಿ. ಗಿಟಾರ್ ಕಡೆ ಕಿವಿ ಹೋದಾಗೆಲ್ಲ ಎಳೆದು ಸ್ನೇರ್ ಕಡೆಗೆ ತನ್ನಿ. ತಾಳ ಮಾತ್ರ ತೊಡೆ ಮೇಲೆ ಹಾಕಿಕೊಳ್ಳಿ. ಮೇಜು ಬಡಿದು ನಾನು ಅವತ್ತು ಅಮ್ಮನ ಹತ್ತಿರ ಚೆನ್ನಾಗಿ ಬೈಸಿಕೊಂಡೆ.