ಮುಧೋಳ ನಾಯಿ ಸಾಕಿ ಮರಿ ಮಾಡಿಸುವವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕೆಲಸದ ನಾಯಿಗಳ ತಳಿ ಬೆಳೆಸುವ ಬಗ್ಗೆ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಮುಧೋಳ ನಾಯಿಯದೇ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಹೊಲದಲ್ಲಿ ಮನೆ ಇದೆ, ಜಾಗಕ್ಕೆ ಕೊರತೆಯಿಲ್ಲ. ಒಂದೇ ಸೂಲಿನ ಗಂಡು, ಹೆಣ್ಣು ಎರಡು ಮುಧೋಳ ಮರಿ ತಂದು ಶುರು ಮಾಡಬೇಕೆಂದಿದ್ದೇನೆ. ಮಾರುವವರು ‘ಜೋಡಿ’ ಎಂದೇ ಕೊಡುತ್ತಿದ್ದಾರೆ. ತರಬಹುದೇ? (ಗದಗ)

ತರಬೇಡಿ. ಅದು ಜೋಡಿಯಲ್ಲ, ಅಣ್ಣ ತಂಗಿ. ಒಡಹುಟ್ಟಿದವುಗಳನ್ನು ಕೂಡಿಸಿದರೆ ಹುಟ್ಟುವ ಮರಿಯ ಒಳಸಂಬಂಧದ ಪ್ರಮಾಣ (ಅಪ್ಪ, ಅಮ್ಮ ಇಬ್ಬರಿಂದಲೂ ಒಂದೇ ಪೂರ್ವಜರ ಅದೇ ವಂಶವಾಹಿ ಬರುವ ಸಾಧ್ಯತೆ) ಶೇ. 25 ಆಗುತ್ತದೆ. ತಂದೆ ಒಂದೇ, ತಾಯಿ ಬೇರೆಯಾದರೆ ಶೇ. 12.5. ಅಜ್ಜ ಅಜ್ಜಿ ಇಬ್ಬರೂ ಒಂದೇ ಇರುವ ಸೋದರ ಸಂಬಂಧವಾದರೆ ಶೇ. 6.25. ಅಪ್ಪ ಅಮ್ಮ ತಾವೇ ಒಳಸಂಬಂಧದಲ್ಲಿ ಹುಟ್ಟಿದ್ದರೆ ಈ ಅಂಕಿ ಇನ್ನೂ ಏರುತ್ತದೆ. ಇದರ ಪೆಟ್ಟು ಮೊದಲ ಸೂಲಿನಲ್ಲೇ ಎದ್ದು ಕಾಣುವುದಿಲ್ಲ. ಮರಿಗಳ ಸಂಖ್ಯೆ ಇಳಿಯುತ್ತದೆ, ಮೊದಲ ವಾರದಲ್ಲಿ ಸಾಯುವವು ಹೆಚ್ಚುತ್ತವೆ, ಬೀಜ ಇಳಿಯದ ಗಂಡುಗಳು ಬರತೊಡಗುತ್ತವೆ. ಹತ್ತು ಹಳ್ಳಿಯವರು ಹೆಸರು ಮಾಡಿದ ಒಂದೇ ಗಂಡಿಗೆ ಹೆಣ್ಣು ತಂದರೂ ಮುಂದಿನ ತಲೆಮಾರಿನಲ್ಲಿ ಇದೇ ಗತಿ.

ಒಂದು ಒಳ್ಳೆಯ ಹೆಣ್ಣಿನಿಂದ ಶುರು ಮಾಡಿ, ಗಂಡು ಬೇರೆಯವರಲ್ಲಿರಲಿ. ಮೊದಲು ಮುಧೋಳದ ಬಳಿ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರಕ್ಕೆ ಹೋಗಿ ನಾಯಿಗಳನ್ನು ಕಣ್ಣಾರೆ ನೋಡಿ. ಅದು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರ. ಗಂಡು ಸುಮಾರು 68ರಿಂದ 72 ಸೆಂ.ಮೀ., ಹೆಣ್ಣು 64ರಿಂದ 68 ಸೆಂ.ಮೀ. ಎತ್ತರ ಇರುತ್ತವೆ. ಇದಕ್ಕಿಂತ ಬಹಳ ಎತ್ತರದ, ತೊಡೆ ಉಬ್ಬಿದ ನಾಯಿಯನ್ನು ‘ಅಸಲಿ’ ಎಂದು ತೋರಿಸಿದರೆ ಗ್ರೇಹೌಂಡ್ ಬೆರಕೆ ಇದೆಯೇ ಎಂದು ಕೇಳಿ. ಕಾಗದ ನೋಡುವಾಗ ಇನ್ನೊಂದು ಗೊತ್ತಿರಲಿ: ಕೆನಲ್ ಕ್ಲಬ್ ಆಫ್ ಇಂಡಿಯಾದ ಪತ್ರದಲ್ಲಿ ಇದೇ ತಳಿ ಕಾರವಾನ್ ಹೌಂಡ್ ಎಂದಿರುತ್ತದೆ.

ಮೈಕಟ್ಟಿಗಿಂತ ಮುಖ್ಯ ಸ್ವಭಾವ. ಅಪರಿಚಿತರು ಮುಟ್ಟಿದರೆ ಮುಧೋಳ ನಾಯಿಗೆ ಹಿಡಿಸುವುದಿಲ್ಲ. ಅದು ತಳಿಯ ಗುಣ, ದೋಷವಲ್ಲ. ಆದರೆ ದೂರ ಸರಿದು ನಿಂತು ಎರಡು ನಿಮಿಷದಲ್ಲಿ ಸಡಿಲಾಗುವ ನಾಯಿ ಬೇರೆ, ಬಾಲ ಹೊಟ್ಟೆಯಡಿ ಸಿಕ್ಕಿಸಿ ಉಚ್ಚೆ ಬಿಟ್ಟು ಮೂಲೆಯಿಂದ ಕಚ್ಚಲು ಬರುವ ನಾಯಿ ಬೇರೆ. ಎರಡನೆಯದು ಎಷ್ಟೇ ಚೆಂದವಿದ್ದರೂ ಅದರಿಂದ ಮರಿ ಮಾಡಿಸಬಾರದು. ತಾಯಿಯ ಅಂಜಿಕೆ ರಕ್ತದಲ್ಲೂ ಬರುತ್ತದೆ, ಮರಿಗಳು ಅವಳನ್ನು ನೋಡಿಯೂ ಕಲಿಯುತ್ತವೆ. ಹಾಗಾಗಿ ಮರಿ ಆರಿಸುವ ಮೊದಲು ತಾಯಿಯನ್ನು ಸರಪಳಿ ಬಿಚ್ಚಿದ ಸ್ಥಿತಿಯಲ್ಲಿ ನೋಡಬೇಕು. ‘ಈಗ ಇಲ್ಲಿಲ್ಲ, ಹೊಲದಲ್ಲಿದೆ’ ಎಂದರೆ ಹೊಲಕ್ಕೇ ಹೋಗಿ.

ಪ್ರಶ್ನೆ: ನಮ್ಮ ಹೆಣ್ಣು ಹತ್ತು ತಿಂಗಳಿಗೇ ಬೆದೆಗೆ ಬಂದಿದೆ. ಗಂಡಿಗೆ ಬಿಡಬಹುದೇ? ಲೈಸೆನ್ಸ್ ಬೇಕೆನ್ನುತ್ತಾರೆ, ನಿಜವೇ? (ಕಲಘಟಗಿ)

ಬಿಡುವಂತಿಲ್ಲ. 2017ರ ನಾಯಿ ತಳಿ ಮತ್ತು ಮಾರಾಟ ನಿಯಮಗಳ ಪ್ರಕಾರ ಹೆಣ್ಣಿಗೆ 18 ತಿಂಗಳು ತುಂಬಿರಬೇಕು. ಸತತ ಎರಡು ಬೆದೆಯಲ್ಲಿ ಮರಿ ಹಾಕಿಸಬಾರದು, ಜೀವಮಾನದಲ್ಲಿ ಐದು ಸೂಲು ಮೀರಬಾರದು, ಎಂಟು ವರ್ಷದ ಮೇಲೆ ಕೂಡಿಸಲೇಬಾರದು. ಮಾರುವ ಉದ್ದೇಶದಿಂದ ಮರಿ ಮಾಡಿಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ವಿಚಾರಿಸಿದರೆ ಅರ್ಜಿಯ ದಾರಿ ಹೇಳುತ್ತಾರೆ.

ನಮ್ಮ ಮಾತು ಕೇಳುವುದಾದರೆ ಎರಡು ವರ್ಷದವರೆಗೆ ಕಾಯಿರಿ. ಅಷ್ಟರಲ್ಲಿ ಅದು ಕೆಲಸಕ್ಕೆ ಬರುತ್ತದೆಯೋ ಇಲ್ಲವೋ ತಿಳಿದಿರುತ್ತದೆ. ಕೂಡಿಸುವ ಮೊದಲು ಇಬ್ಬರಿಗೂ ಪರೀಕ್ಷೆ ಆಗಬೇಕು. ಬ್ರೂಸೆಲ್ಲಾ ಕ್ಯಾನಿಸ್ ಸೋಂಕಿನ ರಕ್ತ ಪರೀಕ್ಷೆಯನ್ನು ಬಿಡಲೇಬೇಡಿ: ಆ ಸೋಂಕು ಗರ್ಭಪಾತ ತರುತ್ತದೆ, ಔಷಧಿಯಿಂದ ಪೂರ್ತಿ ಹೋಗುವುದು ಅಪರೂಪ, ಮನುಷ್ಯರಿಗೂ ಅಂಟುತ್ತದೆ. ಉಣುಗಿನಿಂದ ಬರುವ ಎರ್ಲಿಕಿಯಾ, ಬಬೇಸಿಯಾ ನಮ್ಮ ಕಡೆ ಸಾಮಾನ್ಯ. ಮೇಲೆ ಗಟ್ಟಿಮುಟ್ಟಾಗಿ ಕಾಣುವ ಹೆಣ್ಣಿನಲ್ಲೂ ಒಳಗೆ ಅಡಗಿದ್ದು ಗಬ್ಬದ ಹೊತ್ತಿಗೆ ತಲೆ ಎತ್ತಬಹುದು. ಗಂಡಿನ ಶಿಶ್ನವನ್ನು ವೈದ್ಯರು ಹಿಂದೆ ಸರಿಸಿ ನೋಡಲಿ. ಹೂಕೋಸಿನಂಥ ಕೆಂಪು ಗಂಟು, ರಕ್ತದ ಹನಿ ಕಂಡರೆ ಅದು ಕೂಡುವಾಗ ಹರಡುವ ಗೆಡ್ಡೆ. ಬೀದಿ ನಾಯಿಗಳ ಸಹವಾಸವಿರುವ ಗಂಡುಗಳಲ್ಲಿ ಇದು ಸಿಗುತ್ತಲೇ ಇರುತ್ತದೆ, ಚಿಕಿತ್ಸೆಯೂ ಇದೆ, ಆದರೆ ವಾಸಿಯಾಗುವ ತನಕ ಕೂಡಿಸಬಾರದು.

ಪ್ರಶ್ನೆ: ಎರಡು ಬೆದೆಯಲ್ಲೂ 11 ಮತ್ತು 13ನೇ ದಿನ ಕೂಡಿಸಿದೆವು, ಕೊಂಡಿಯೂ (ಕೂಡಿದ ಎರಡೂ ಬಿಡಿಸಿಕೊಳ್ಳದೆ ಅಂಟಿ ನಿಲ್ಲುವುದು) ಬಿತ್ತು. ಗಬ್ಬ ನಿಲ್ಲಲಿಲ್ಲ. ದೋಷ ಗಂಡಿನದೋ ಹೆಣ್ಣಿನದೋ? (ಜಮಖಂಡಿ)

ಬಹುಶಃ ಕ್ಯಾಲೆಂಡರಿನದು. ‘ಹನ್ನೊಂದು, ಹದಿಮೂರು’ ಎಂಬ ಲೆಕ್ಕ ಬಹಳ ಹೆಣ್ಣುಗಳಿಗೆ ಹೊಂದುತ್ತದೆ, ಎಲ್ಲಕ್ಕೂ ಅಲ್ಲ. ಎಂಟನೇ ದಿನಕ್ಕೇ ಅಂಡ ಬಿಡುವವು ಇವೆ, ಇಪ್ಪತ್ತು ದಾಟಿದ ಮೇಲೆ ಬಿಡುವವೂ ಇವೆ. ಅದರ ಮೇಲೆ ಮೊದಲ ದಿನವೇ ತಪ್ಪಾಗಿ ಎಣಿಕೆಯಾಗಿರುತ್ತದೆ. ಮುಧೋಳ ಹೆಣ್ಣು ತನ್ನ ಮೈ ನೆಕ್ಕಿ ಚೊಕ್ಕ ಇಟ್ಟುಕೊಳ್ಳುತ್ತದೆ, ನೆಲದ ಮೇಲೆ ರಕ್ತ ಕಾಣುವ ಹೊತ್ತಿಗೆ ಮೂರು ನಾಲ್ಕು ದಿನ ಕಳೆದಿರಬಹುದು. ಬೆದೆ ಹತ್ತಿರ ಬಂತೆಂದಾಗ ದಿನಾ ಬೆಳಿಗ್ಗೆ ಬಿಳಿ ಬಟ್ಟೆಯ ಚೂರಿನಿಂದ ಒರೆಸಿ ನೋಡಿ. ಮೊದಲು ಗಾಢ ಕೆಂಪು ಇದ್ದದ್ದು ಮಾಂಸ ತೊಳೆದ ನೀರಿನ ಬಣ್ಣಕ್ಕೆ ತಿರುಗಿ, ಊದಿದ ಭಾಗ ಮೆತ್ತಗಾಗಿ, ಬೆನ್ನಿನ ಬುಡ ಕೆರೆದರೆ ಬಾಲವನ್ನು ಪಕ್ಕಕ್ಕೆ ತಿರುಗಿಸಿ ನಿಂತರೆ ಕಾಲ ಬಂತೆಂದು ಅಂದಾಜು.

ಅಂದಾಜು ಸಾಲದಿದ್ದರೆ ರಕ್ತದಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ಮಟ್ಟ ನೋಡಿಸಿ. ಮನುಷ್ಯರ ರಕ್ತ ಪರೀಕ್ಷಿಸುವ ಲ್ಯಾಬುಗಳಲ್ಲೂ ಆಗುತ್ತದೆ. ಆರನೇ ಏಳನೇ ದಿನದಿಂದ ಎರಡು ದಿನಕ್ಕೊಮ್ಮೆ, ಪ್ರತಿ ಸಲವೂ ಅದೇ ಲ್ಯಾಬಿನಲ್ಲಿ. ಮಿಲಿಲೀಟರಿಗೆ 2 ನ್ಯಾನೊಗ್ರಾಂ ಸುತ್ತ ಬಂದರೆ ಅಂಡ ಬಿಡಲು ಇನ್ನೆರಡು ದಿನ. 5 ದಾಟಿದರೆ ಅಂಡ ಬಿಟ್ಟಾಯಿತು. ನಾಯಿಯ ಅಂಡ ಬಿಟ್ಟ ಕೂಡಲೇ ಫಲಿಸುವುದಿಲ್ಲ, ಮಾಗಲು ಇನ್ನೂ ಎರಡು ದಿನ ಬೇಕು. ಆದ್ದರಿಂದ 5 ದಾಟಿದ ಎರಡನೇ ದಿನ ಒಮ್ಮೆ, ಒಂದು ದಿನ ಬಿಟ್ಟು ಮತ್ತೊಮ್ಮೆ ಕೂಡಿಸಿ. ಕೆಲವು ಲ್ಯಾಬುಗಳು ನ್ಯಾನೊಮೋಲ್‌ನಲ್ಲಿ ಅಂಕಿ ಕೊಡುತ್ತವೆ, ಅದನ್ನು 3.18ರಿಂದ ಭಾಗಿಸಿ ನೋಡಬೇಕು. 16 ಎಂದು ಓದಿ ‘ಕಾಲ ಮೀರಿತು’ ಎಂದು ಕೈಬಿಟ್ಟವರಿದ್ದಾರೆ, ಅಸಲಿಗೆ ಅದು 5.

ಹೆಣ್ಣನ್ನೇ ಗಂಡಿನ ಮನೆಗೆ ಕರೆದೊಯ್ಯಿರಿ, ಬೆಳಗಿನ ತಂಪಿನಲ್ಲಿ, ಬರಿಹೊಟ್ಟೆಯಲ್ಲಿ. ಕೊಂಡಿ ಐದು ನಿಮಿಷದಿಂದ ಅರ್ಧ ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಇರುತ್ತದೆ. ಹೆಣ್ಣು ಕೂರದಂತೆ, ಎಳೆದಾಡದಂತೆ ಹಿಡಿದುಕೊಂಡರೆ ಸಾಕು. ನೀರು ಸುರಿದು ಬಿಡಿಸುವುದು ಮಾತ್ರ ಎಂದಿಗೂ ಬೇಡ, ಇಬ್ಬರಿಗೂ ಗಾಯವಾಗುತ್ತದೆ. ಬೆದೆ ಪೂರ್ತಿ ಇಳಿಯುವ ತನಕ ಹೆಣ್ಣನ್ನು ಬಾಗಿಲು ಹಾಕಿದ ಕೋಣೆಯಲ್ಲಿಡಿ. ನಡುವೆ ಬೀದಿ ನಾಯಿ ಸಿಕ್ಕರೆ ಒಂದೇ ಸೂಲಿನಲ್ಲಿ ಇಬ್ಬರು ಅಪ್ಪಂದಿರ ಮರಿಗಳು ಹುಟ್ಟಬಹುದು. ಇಷ್ಟೆಲ್ಲ ಮಾಡಿಯೂ ನಿಲ್ಲದಿದ್ದರೆ ಆಗ ಗಂಡಿನ ವೀರ್ಯ ಪರೀಕ್ಷೆ, ಹೆಣ್ಣಿನ ಗರ್ಭಕೋಶದ ಸ್ಕ್ಯಾನ್.

ಪ್ರಶ್ನೆ: ಗಬ್ಬದ ನಾಯಿಗೆ ಕ್ಯಾಲ್ಸಿಯಂ ಸಿರಪ್ ಎಷ್ಟು ಹಾಕಬೇಕು? (ಹಾವೇರಿ)

ಒಂದು ಹನಿಯೂ ಬೇಡ, ವೈದ್ಯರೇ ಕಾರಣ ಕಂಡು ಬರೆದಿದ್ದರೆ ಮಾತ್ರ. ಹೊರಗಿನಿಂದ ಕ್ಯಾಲ್ಸಿಯಂ ಸುರಿದರೆ ಮೂಳೆಯಿಂದ ಅದನ್ನು ಎಳೆದುಕೊಡುವ ದೇಹದ ವ್ಯವಸ್ಥೆ ಸೋಮಾರಿಯಾಗುತ್ತದೆ. ಈದ ಎರಡರಿಂದ ನಾಲ್ಕು ವಾರದಲ್ಲಿ ಹಾಲು ಜೋರಾಗಿ ಇಳಿಯುವಾಗ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದು ತಾಯಿ ಏದುಸಿರು ಬಿಡುತ್ತಾ, ನಡುಗುತ್ತಾ, ಕಾಲು ಸೆಟೆದು ಬೀಳುತ್ತದೆ. ಹಾಗಾದರೆ ಮರಿಗಳನ್ನು ಬೇರೆ ಮಾಡಿ ಅದೇ ಗಳಿಗೆ ಆಸ್ಪತ್ರೆಗೆ. ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಕೊಟ್ಟರೆ ಉಳಿಯುತ್ತದೆ, ಬೆಳಗಾಗಲಿ ಎಂದು ಕಾದರೆ ಉಳಿಯದು.

ಮೊದಲ ಆರು ವಾರ ಎಂದಿನ ಊಟವೇ ಸಾಕು. ಕೊನೆಯ ಮೂರು ವಾರ ನಿಧಾನವಾಗಿ ಕಾಲು ಭಾಗದಿಂದ ಅರ್ಧದಷ್ಟು ಹೆಚ್ಚಿಸಿ, ದಿನಕ್ಕೆ ಮೂರ್ನಾಲ್ಕು ಸಲ ಹಂಚಿ. ಈದ ಮೇಲೆ ಮರಿಗಳ ಸಂಖ್ಯೆ ನೋಡಿ ಎರಡರಿಂದ ಮೂರು ಪಟ್ಟು. ಜೋಳದ ನುಚ್ಚು, ಹಾಲು ಇಷ್ಟೇ ಆದರೆ ಸಾಲದು; ಮೊಟ್ಟೆ, ಮಾಂಸ ಅಥವಾ ಮರಿಗಳಿಗೆಂದು ಮಾಡಿದ ಒಳ್ಳೆಯ ತಯಾರಿ ಆಹಾರ ಸೇರಲೇಬೇಕು.

ಪ್ರಶ್ನೆ: ಚಳಿಗಾಲದ ಸೂಲಿನಲ್ಲಿ ಎಂಟರಲ್ಲಿ ಐದು ಮರಿ ಮೊದಲ ವಾರವೇ ಸತ್ತವು. ತಾಯಿಗೆ ಹಾಲು ಚೆನ್ನಾಗಿಯೇ ಇತ್ತು. (ಅಥಣಿ)

ಹಾಲಿದ್ದೂ ಸತ್ತವು ಎಂದರೆ ಮೊದಲು ಅನುಮಾನ ಪಡಬೇಕಾದದ್ದು ಚಳಿಯನ್ನು. ಮೊದಲ ವಾರದ ಮರಿಗೆ ನಡುಗಲು ಬರುವುದಿಲ್ಲ, ತನ್ನ ಮೈ ತಾನು ಬಿಸಿ ಮಾಡಿಕೊಳ್ಳಲಾರದು. ಮೈ ತಣ್ಣಗಾದರೆ ಚೀಪುವುದು ನಿಲ್ಲುತ್ತದೆ, ಕರುಳಿನ ಚಲನೆ ನಿಲ್ಲುತ್ತದೆ, ಆಗ ಬಲವಂತವಾಗಿ ಹಾಲು ಹಾಕಿದರೆ ಅದು ಜೀರ್ಣವಾಗದೆ, ಶ್ವಾಸಕೋಶಕ್ಕೂ ಇಳಿದು, ಮರಿ ಸಾಯುತ್ತದೆ. ತಣ್ಣಗಿನ ಮರಿಯನ್ನು ಮೊದಲು ಬೆಚ್ಚಗೆ ಮಾಡಿ, ಹಾಲು ಆಮೇಲೆ. ಬಿಸಿ ಮಾಡುವುದೂ ನಿಧಾನವಾಗಿ, ಎದೆಗೆ ಒತ್ತಿ ಹಿಡಿದು ಒಂದೆರಡು ಗಂಟೆಯಲ್ಲಿ.

ಹೆರಿಗೆ ಪೆಟ್ಟಿಗೆ ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲ ಇರಲಿ, ಗೋಡೆ ಒಂದೂವರೆ ಅಡಿ. ಒಳಗೆ ಸುತ್ತಲೂ ನೆಲದಿಂದ ನಾಲ್ಕು ಇಂಚು ಮೇಲೆ, ಗೋಡೆಯಿಂದ ನಾಲ್ಕು ಇಂಚು ಈಚೆ ಒಂದು ಕಂಬಿ ಹಾಯಿಸಿ. ತಾಯಿ ಮಲಗುವಾಗ ಗೋಡೆಗೆ ಸಿಕ್ಕಿ ಜಜ್ಜಿ ಹೋಗುವ ಮರಿ ಇದರಡಿ ಉಳಿಯುತ್ತದೆ. ಒಂದು ಮೂಲೆಗೆ ಮಾತ್ರ ಬಲ್ಬಿನ ಶಾಖ ಕೊಡಿ, ಸೆಕೆಯಾದರೆ ಸರಿದು ಮಲಗಲು ತಾಯಿಗೆ ಇನ್ನೊಂದು ಮೂಲೆ ತಂಪಾಗಿರಲಿ. ಮರಿ ಮಲಗುವ ಮಟ್ಟದಲ್ಲೇ ಥರ್ಮಾಮೀಟರ್ ಇಟ್ಟು ಮೊದಲ ವಾರ ಸುಮಾರು 30 ಡಿಗ್ರಿ ಸೆಲ್ಸಿಯಸ್ ಕಾಯ್ದುಕೊಳ್ಳಿ, ಆಮೇಲೆ ವಾರಕ್ಕೆ ಎರಡು ಡಿಗ್ರಿ ಇಳಿಸುತ್ತಾ ಬನ್ನಿ. ಮರಿಗಳು ಒಂದರ ಮೇಲೊಂದು ರಾಶಿ ಬಿದ್ದಿದ್ದರೆ ಚಳಿ. ಒಂದೊಂದು ದಿಕ್ಕಿಗೆ ಹರಡಿ ಬಾಯಿ ಬಿಡುತ್ತಿದ್ದರೆ ಸೆಕೆ.

ಎರಡನೆಯದು ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಒಂದೊಂದು ಮರಿಯ ಒಂದೊಂದು ಉಗುರಿಗೆ ಬೇರೆ ಬೇರೆ ಬಣ್ಣದ ನೇಲ್ ಪಾಲಿಶ್ ಹಚ್ಚಿ ಗುರುತಿಟ್ಟುಕೊಳ್ಳಿ, ದಿನಾ ಒಂದೇ ಹೊತ್ತಿಗೆ ತೂಗಿ ಬರೆಯಿರಿ. 400 ಗ್ರಾಂ ಹುಟ್ಟಿದ ಮರಿ ದಿನಕ್ಕೆ 20ರಿಂದ 40 ಗ್ರಾಂ ಏರಬೇಕು, ಹತ್ತನೇ ದಿನದ ಸುತ್ತ ಎರಡರಷ್ಟಾಗಬೇಕು. ಮೊದಲ ದಿನ ಕೊಂಚ ಇಳಿದರೆ ಹೆದರಬೇಡಿ, ಹತ್ತನೇ ಒಂದು ಭಾಗ ಇಳಿದರೆ ಅಂದೇ ವೈದ್ಯರಿಗೆ ತೋರಿಸಿ. ಅಳುತ್ತಾ ಗುಂಪಿನಿಂದ ದೂರ ಬಿದ್ದಿರುವ ಮರಿ ಕಣ್ಣಿಗೆ ಬೀಳುವ ಒಂದು ದಿನ ಮುಂಚೆಯೇ ತಕ್ಕಡಿ ಹೇಳಿರುತ್ತದೆ. ಇನ್ನು ಗಿಣ್ಣುಹಾಲು: ಹುಟ್ಟಿದ 24 ಗಂಟೆಯೊಳಗೆ ಕುಡಿದರೆ ಮಾತ್ರ ಅದರ ರಕ್ಷಣೆ ಮರಿಯ ರಕ್ತಕ್ಕೆ ಸೇರುತ್ತದೆ. ‘ಮೊದಲ ಹಾಲು ಹಿಂಡಿ ಚೆಲ್ಲಬೇಕು’ ಎಂಬ ಮಾತಿಗೆ ಕಿವಿಗೊಡಬೇಡಿ.

ಹೆರಿಗೆಯ ಹೊತ್ತಿನ ಲೆಕ್ಕ ಗೋಡೆಯ ಮೇಲೆ ಬರೆದಿಡಿ. ಅಂಡ ಬಿಟ್ಟ ದಿನದಿಂದ 63 ದಿನ, ಒಂದು ದಿನ ಹಿಂದೆ ಮುಂದೆ. ಗುದದ ತಾಪ 99 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ ಸಾಮಾನ್ಯವಾಗಿ 24 ಗಂಟೆಯೊಳಗೆ ಈಯುತ್ತದೆ. ಅರ್ಧ ಗಂಟೆ ಜೋರಾಗಿ ತಿಣುಕಿದರೂ ಮರಿ ಬಾರದಿದ್ದರೆ, ಮೊದಲ ಮರಿಗೂ ಮುಂಚೆ ಹಸಿರು ಸ್ರಾವ ಕಂಡರೆ, ಒಳಗೆ ಮರಿ ಇದೆಯೆಂದು ಗೊತ್ತಿದ್ದೂ ಎರಡು ಗಂಟೆ ಸುಮ್ಮನಿದ್ದರೆ ಫೋನ್ ಮಾಡಿ. ಎಷ್ಟು ಮರಿ ಇವೆ ಎಂಬುದು 55ನೇ ದಿನದ ನಂತರದ ಎಕ್ಸ್‌ರೇಯಲ್ಲಿ ತಿಳಿಯುತ್ತದೆ. ಸಿಸೇರಿಯನ್ ಆಗಬೇಕಾದರೆ ಇದು ಗ್ರೇಹೌಂಡ್‌ನಂಥ ಓಟದ ನಾಯಿ ಎಂದು ವೈದ್ಯರಿಗೆ ನೆನಪಿಸಿ. ಈ ಗುಂಪಿನ ನಾಯಿಗಳು ಥಯೋಪೆಂಟೋನ್ ಅರಿವಳಿಕೆಯಿಂದ ಏಳಲು ಬಹಳ ಹೊತ್ತು ಹಿಡಿಯುತ್ತವೆ.

ಪ್ರಶ್ನೆ: ಬೇಟೆಗೆ ಬಿಡದೆ ನಾಯಿಯ ಕಸುವು ತಿಳಿಯುವುದು ಹೇಗೆ? (ಲೋಕಾಪುರ)

ಮೊಲಕ್ಕೆ ಬಿಡುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ, ಆ ಮಾತು ಮುಗಿಯಿತು. ಓಟ ನೋಡಲು 300 ಮೀಟರ್ ಗಟ್ಟಿ ದಾರದ ತುದಿಗೆ ಬಿಳಿ ಪ್ಲಾಸ್ಟಿಕ್ ಚೀಲ ಕಟ್ಟಿ, ಇನ್ನೊಂದು ತುದಿಯನ್ನು ಎತ್ತಿ ನಿಲ್ಲಿಸಿದ ಸೈಕಲ್ಲಿನ ಟೈರ್ ಬಿಚ್ಚಿದ ಹಿಂದಿನ ರಿಮ್ಮಿಗೆ ಸುತ್ತಿ ಪೆಡಲ್ ತುಳಿಯಿರಿ. ಒಂದೂವರೆ ವರ್ಷ ತುಂಬುವ ಮೊದಲು ಬೇಡ, ಬಿಸಿಲೇರಿದ ಮೇಲೆ ಬೇಡ, ಒಂದು ಬೆಳಿಗ್ಗೆ ಎರಡು ಓಟ ಸಾಕು. ವೇಗವನ್ನಷ್ಟೇ ನೋಡಬೇಡಿ. ಚೀಲ ಪೊದೆಯ ಹಿಂದೆ ಮರೆಯಾದಾಗ ತಲೆ ಎತ್ತಿ ಹುಡುಕುತ್ತದೆಯೇ, ಕರೆದಾಗ ತಿರುಗಿ ಬರುತ್ತದೆಯೇ, ಹತ್ತಿರದಲ್ಲಿ ಡಬ್ಬಿ ಬಿದ್ದರೆ ಬೆಚ್ಚಿದರೂ ಮತ್ತೆ ಕೆಲಸಕ್ಕೆ ಮರಳುತ್ತದೆಯೇ ಎಂಬುದು ಮುಖ್ಯ. 2016ರಲ್ಲಿ ಮುಧೋಳದ ಮರಿಗಳು ಸೇನೆಯ ತರಬೇತಿಗೆ ಮೀರತ್‌ಗೆ ಹೋದವು. ಅಂಥ ಕೆಲಸದಲ್ಲಿ ಬರೀ ಕಾಲಿನ ಬಲ ಸಾಲದು. ಕುರಿ ಹಟ್ಟಿಯಲ್ಲಿ ಈ ನಾಯಿ ಸುಳಿವು ಕೊಡುತ್ತದೆ, ಅಟ್ಟಿಸಿಕೊಂಡು ಹೋಗುತ್ತದೆ. ತೋಳನಿಗೆ ಎದುರು ನಿಂತು ಸೆಣಸುವ ಭಾರ ಅದಕ್ಕಿಲ್ಲ, ಕೊಳ್ಳುವವರಿಗೆ ಇದನ್ನು ಹೇಳಿಯೇ ಕೊಡಿ.

ಪ್ರಶ್ನೆ: ಗಿರಾಕಿಗಳು 35 ದಿನಕ್ಕೇ ಮರಿ ಕೇಳುತ್ತಾರೆ, ‘ಚಿಕ್ಕದಿದ್ದರೆ ಹೊಂದಿಕೊಳ್ಳುತ್ತದೆ’ ಎನ್ನುತ್ತಾರೆ. (ಬೆಂಗಳೂರು)

ಎಂಟು ವಾರದ ಮೊದಲು ಮಾರುವುದು ನಿಯಮಕ್ಕೆ ವಿರುದ್ಧ. ಐದರಿಂದ ಎಂಟನೇ ವಾರದ ನಡುವೆ ಮರಿ ಒಡಹುಟ್ಟಿದವುಗಳ ಜತೆ ಕಚ್ಚಾಡಿ, ಎಷ್ಟು ಕಚ್ಚಿದರೆ ನೋಯುತ್ತದೆ ಎಂದು ಕಲಿಯುತ್ತದೆ. ಅದನ್ನು ಕಲಿಯದೆ ಹೋದ ಮರಿ ಹೊಸ ಮನೆಯ ಮಕ್ಕಳ ಕೈಯನ್ನು ಗಾಯ ಮಾಡುತ್ತದೆ. ಮರಿ ಕೊಡುವ ತನಕ ನಿಮ್ಮ ಕೆಲಸವೂ ಇದೆ. 2, 4, 6, 8ನೇ ವಾರ ಜಂತುಹುಳು ಔಷಧಿ, ಆರರಿಂದ ಎಂಟನೇ ವಾರದಲ್ಲಿ ಮೊದಲ ಲಸಿಕೆ, ಮೈಕ್ರೋಚಿಪ್. ದಿನಾ ಹೊಸ ಮನುಷ್ಯರು, ಮಿಕ್ಸಿಯ ಸದ್ದು, ಬೈಕು, ಮೆಟ್ಟಿಲು ಪರಿಚಯವಾಗಲಿ. ಲಸಿಕೆ ಮುಗಿಯದ ಮರಿ ನೋಡಲು ಬಂದವರ ಚಪ್ಪಲಿ ಗೇಟಿನ ಹೊರಗಿರಲಿ, ಕೈ ಸೋಪಿನಿಂದ ತೊಳೆಯಲಿ. ಪಾರ್ವೊ ವೈರಸ್ ಚಪ್ಪಲಿಯಲ್ಲೇ ಬರುತ್ತದೆ, ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.

ಮರಿ ಕೊಡುವಾಗ ಲಸಿಕೆಯ ಸ್ಟಿಕ್ಕರ್ ಅಂಟಿಸಿದ ಕಾರ್ಡು, ಚಿಪ್ ಸಂಖ್ಯೆ, ತಿನ್ನುತ್ತಿದ್ದ ಆಹಾರ ಒಂದು ವಾರಕ್ಕಾಗುವಷ್ಟು ಕೊಡಿ. ಮೂರು ತಿಂಗಳಿಗೆ ರೇಬಿಸ್ ಲಸಿಕೆ ಹಾಕಿಸುವುದು ಕೊಂಡವರ ಜವಾಬ್ದಾರಿ ಎಂದು ಬರೆದು ಸಹಿ ಮಾಡಿಸಿ. ಸಾಕಲಾಗದಿದ್ದರೆ ಯಾವ ವಯಸ್ಸಿನಲ್ಲಾದರೂ ನಿಮಗೇ ವಾಪಸ್ ಕೊಡಬೇಕೆಂಬ ಮಾತೂ ಅದೇ ಕಾಗದದಲ್ಲಿರಲಿ. ಹಾಗೆ ವಾಪಸ್ ಬಂದರೆ ಕಟ್ಟಲು ಜಾಗ ಬೇಕು. ಎಂಟು ಮರಿ ಹುಟ್ಟಿ ಐದಕ್ಕೆ ಮಾತ್ರ ಒಳ್ಳೆಯ ಮನೆ ಸಿಕ್ಕರೆ ಉಳಿದ ಮೂರನ್ನು ಆರು ತಿಂಗಳಾದರೂ ನೀವೇ ಸಾಕಬೇಕಾಗುತ್ತದೆ. ಆ ಖರ್ಚನ್ನು ಗಂಡಿನ ಮಾಲೀಕರಿಗೆ ಮುಂಗಡ ಕೊಡುವ ಮೊದಲೇ ಲೆಕ್ಕ ಹಾಕಿ, ಕನಿಷ್ಠ ನಾಲ್ಕು ಮನೆ ಗೊತ್ತಾದ ಮೇಲೆ ಕೂಡಿಸುವ ದಿನ ಗೊತ್ತು ಮಾಡಿ.